ಸಾಕುಮೊಲ: ಜೋಡಿಗಳ ಕಾದಾಟ ಮತ್ತು ಮರುಜೋಡಣೆ

ಒಂದನ್ನೊಂದು ನೆಕ್ಕುತ್ತ, ಮೈಗೆ ಮೈ ತಾಗಿಸಿ ಮಲಗುತ್ತ ಇದ್ದ ಎರಡು ಸಾಕುಮೊಲಗಳು ಒಂದು ದಿನ ಕಚ್ಚಾಟಕ್ಕೆ ಇಳಿಯುವುದುಂಟು. ಮನೆಯವರ ಕಣ್ಣಿಗೆ ಇದು ರಾತ್ರಿ ಬೆಳಗಾಗುವುದರೊಳಗೆ ಹುಟ್ಟಿದ ಹಗೆ. ಆದರೆ ಕಾದಾಟದ ಮೂಲ ಬಹುಮಟ್ಟಿಗೆ ಮೈಯಲ್ಲಿ ಇರುತ್ತದೆ, ಇಲ್ಲವೇ ಜಾಗದಲ್ಲಿ: ಪ್ರಾಯಕ್ಕೆ ಬಂದ ದೇಹ, ನೋಯುವ ಹಲ್ಲು, ಹೊರಗಿನಿಂದ ಬಂದ ವಾಸನೆ, ಇಕ್ಕಟ್ಟಾದ ಗೂಡು. ಕಾರಣ ಹುಡುಕದೆ ಮರುದಿನವೇ ಮತ್ತೆ ಒಟ್ಟಿಗೆ ಬಿಟ್ಟರೆ ಎರಡನೆಯ ಜಗಳ ಮೊದಲಿನದಕ್ಕಿಂತ ಜೋರಾಗುವುದೇ ಹೆಚ್ಚು. ಈ ಲೇಖನ ವಿಷಯವನ್ನು ಉತ್ತರ ಕನ್ನಡದ ಕರಾವಳಿಯ ಹವೆ, ಮನೆ, ಮೇವು ಮತ್ತು ವೈದ್ಯ ಸೌಕರ್ಯಗಳನ್ನು ಮುಂದಿಟ್ಟುಕೊಂಡು ನೋಡುತ್ತದೆ. ಕೇಂದ್ರವಾಗಿ ಹಿಡಿದಿರುವುದು ಬಾಳೆಗುಳಿಯನ್ನು. ಅಂಕೋಲಾದ ಬಳಿ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹುಬ್ಬಳ್ಳಿ ಕಡೆಯ 52ನೆಯ ಹೆದ್ದಾರಿ ಬಂದು ಕೂಡುವ ಸ್ಥಳ ಅದು.

ಕಾಡಿನ ಮೊಲ ಬೇರೆ, ಗೂಡಿನ ಮೊಲ ಬೇರೆ

ಅಂಕೋಲಾ, ಕಾರವಾರದ ಬೇಣಗಳಲ್ಲಿ, ಗದ್ದೆಯಂಚಿನಲ್ಲಿ ಕಾಣುವ ಕಂದು ಮೊಲ ಲೀಪಸ್ ನೈಗ್ರಿಕೋಲಿಸ್ ಎಂಬ ಪ್ರಭೇದ. ಸಾಕುಮೊಲ ಅದರ ಪಳಗಿದ ರೂಪವಲ್ಲ. ಐಬೀರಿಯ ಪರ್ಯಾಯ ದ್ವೀಪದಿಂದ ಹೊರಟು ಜಗತ್ತಿಗೆಲ್ಲ ಹರಡಿದ ಯುರೋಪಿನ ಬಿಲಮೊಲ, ಒರಿಕ್ಟೊಲಾಗಸ್ ಕ್ಯುನಿಕ್ಯುಲಸ್, ಅದರ ಮೂಲ. ಮೊದಲನೆಯದಕ್ಕೆ 48 ವರ್ಣತಂತುಗಳು, ಎರಡನೆಯದಕ್ಕೆ 44. ಇವೆರಡರ ನಡುವೆ ಮರಿಯಾಗುವುದಿಲ್ಲ. ಕಾಡುಮೊಲದ ಮರಿ ಕೂದಲು ಹೊದ್ದು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ, ಬೆಳೆದು ಒಂಟಿಯಾಗಿ ಬಾಳುತ್ತದೆ. ಸಾಕುಮೊಲದ ಮರಿ ಹುಟ್ಟುವಾಗ ಬೆತ್ತಲೆ, ಕುರುಡು. ದೊಡ್ಡದಾದ ಮೇಲೆ ಅದಕ್ಕೆ ಜೊತೆ ಬೇಕು. ಗದ್ದೆಯಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ತಂದು ಮನೆಯ ಒಂಟಿ ಮೊಲಕ್ಕೆ ಜೊತೆ ಮಾಡುವುದು ಈ ಕಾರಣಕ್ಕೆ ಎರಡಕ್ಕೂ ಹಿಂಸೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಬಿಲಮೊಲ ಸಂಘಜೀವಿ ಎಂದ ಮಾತ್ರಕ್ಕೆ ಸಾಧುಜೀವಿ ಎಂದು ತಿಳಿಯಬಾರದು. 1950 ಮತ್ತು 60ರ ದಶಕಗಳಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ರೋಮನ್ ಮಿಕಿಟೋವಿಚ್ ಬೇಲಿಯೊಳಗಿನ ಮೊಲದ ಹಿಂಡುಗಳನ್ನು ದೀರ್ಘಕಾಲ ಗಮನಿಸಿದರು. ಗಂಡುಗಳ ನಡುವೆ ಒಂದು ಮೇಲು ಕೀಳಿನ ಸಾಲು, ಹೆಣ್ಣುಗಳ ನಡುವೆ ಇನ್ನೊಂದು ಇರುತ್ತದೆ. ಮೇಲಿನ ಸ್ಥಾನದ ಮೊಲ ಗದ್ದದಡಿಯ ಗ್ರಂಥಿಯನ್ನು ಕಲ್ಲು, ಕಡ್ಡಿ, ಬಿಲದ ಬಾಯಿಗೆಲ್ಲ ಉಜ್ಜಿ ಗುರುತು ಹಾಕುತ್ತದೆ. ಕೆಳಗಿನದು ಹಾದಿ ಬಿಡುತ್ತದೆ. ಸಾಲು ಗಟ್ಟಿಯಾಗಿರುವಷ್ಟು ಕಾಲ ಜಗಳ ಕಡಿಮೆ. ಅದೇ ಕಾಲದಲ್ಲಿ ವೇಲ್ಸ್‌ನಲ್ಲಿ ಮೊಲಗಳ ಹಿಂದೆ ಬಿದ್ದಿದ್ದ ಆರ್. ಎಂ. ಲಾಕ್ಲಿ 1964ರಲ್ಲಿ ಅವುಗಳ ಖಾಸಗಿ ಬದುಕಿನ ಬಗ್ಗೆ ಪುಸ್ತಕ ಬರೆದರು. ರಿಚರ್ಡ್ ಆಡಮ್ಸ್‌ರ 1972ರ ಕಾದಂಬರಿ ‘ವಾಟರ್‌ಶಿಪ್ ಡೌನ್’ನ ಮೊಲಗಳು ಅಷ್ಟು ನಿಜವಾಗಿ ಕಾದಾಡುವುದಕ್ಕೆ ಆ ಪುಸ್ತಕದ ಋಣವೂ ಇದೆ.

ಬಯಲಿನಲ್ಲಿ ಸೋತ ಮೊಲ ಓಡಿಹೋಗಿ ಇನ್ನೊಂದು ಬಿಲ ಹುಡುಕುತ್ತದೆ. ಗೂಡಿನಲ್ಲಿ ಓಡಲು ಎಡೆಯಿಲ್ಲ. ಬಯಲಿನಲ್ಲಿ ಅಟ್ಟಿಸಿಕೊಂಡು ಹೋದಲ್ಲಿಗೇ ಮುಗಿಯಬಹುದಾದ ತಕರಾರು ಮೂರಡಿ ಪಂಜರದಲ್ಲಿ ರಕ್ತ ಕಾಣುವುದು ಇದೇ ಕಾರಣಕ್ಕೆ.

ಮೊಲವೆಂದರೆ ಪುಕ್ಕಲು ಎಂಬ ನಂಬಿಕೆಗೆ ನಮ್ಮಲ್ಲೇ ಒಂದು ಅಪವಾದ ಇದೆ. ತುಂಗಭದ್ರೆಯ ದಡದಲ್ಲಿ ಬೇಟೆನಾಯಿಗಳ ಮೇಲೆ ತಿರುಗಿಬಿದ್ದ ಮೊಲವನ್ನು ಕಂಡು ವಿಜಯನಗರ ಕಟ್ಟಿದರೆಂಬ ಐತಿಹ್ಯ. 16ನೆಯ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನ ಬರಹದಲ್ಲೂ ಅದು ಬರುತ್ತದೆ. ಆ ಮೊಲ ಕಾಡುಮೊಲವೇ ಇರಬೇಕು. ಆದರೆ ಮೂಲೆಗೆ ಸಿಕ್ಕಿದ ಮೊಲ ಏನು ಮಾಡುತ್ತದೆಂಬುದನ್ನು ಕತೆ ಕಟ್ಟಿದವರು ಕಣ್ಣಾರೆ ಕಂಡಿದ್ದರು ಅನ್ನಿಸುತ್ತದೆ.

‘ಜೋಡಿ’ ಎಂದು ಕೊಂಡದ್ದು

ಸಾಕುಮೊಲಗಳನ್ನು ಹೆಚ್ಚಾಗಿ ಜೋಡಿ ಲೆಕ್ಕದಲ್ಲಿ ಮಾರುತ್ತಾರೆ. ಅಂಗೈಯಲ್ಲಿ ಹಿಡಿಸುವ ಎರಡು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಒಂದು ಗಂಡು ಒಂದು ಹೆಣ್ಣು ಎಂದು ಕೊಡುವುದು ವಾಡಿಕೆ. ಆ ವಯಸ್ಸಿನಲ್ಲಿ ಲಿಂಗ ಗುರುತಿಸುವುದು ನುರಿತವರಿಗೂ ಕಷ್ಟ. ಗಂಡಿನ ವೃಷಣಗಳು ಇಳಿಯುವುದು ಸುಮಾರು ಮೂರು ತಿಂಗಳ ಹೊತ್ತಿಗೆ. ಅದಕ್ಕೂ ಮುಂಚೆ ಜನನಾಂಗದ ಸುತ್ತ ಮೆಲ್ಲಗೆ ಒತ್ತಿ, ತೂತು ದುಂಡಗಿದೆಯೋ ಸೀಳಿನಂತಿದೆಯೋ ನೋಡಿಯೇ ಹೇಳಬೇಕು. ಹೀಗಾಗಿ ಜೋಡಿ ಎಂದು ಬಂದದ್ದು ಎರಡು ಗಂಡೂ ಆಗಿರಬಹುದು, ಎರಡು ಹೆಣ್ಣೂ ಆಗಿರಬಹುದು. ಮರಿಗಳಾಗಿದ್ದಷ್ಟು ದಿನ ಅವು ಒಂದೇ ತಾಯಿಯ ಮಕ್ಕಳಂತೆ ಇರುತ್ತವೆ; ಈ ಸಲಿಗೆಯನ್ನೇ ಜನ ಬಾಂಧವ್ಯ ಎಂದುಕೊಳ್ಳುತ್ತಾರೆ.

ಸಣ್ಣ ತಳಿಗಳು ಮೂರೂವರೆ ನಾಲ್ಕು ತಿಂಗಳಿಗೆ, ದೊಡ್ಡವು ಆರು ತಿಂಗಳ ಆಸುಪಾಸಿಗೆ ಪ್ರಾಯಕ್ಕೆ ಬರುತ್ತವೆ. ಕಾದಾಟ ಶುರುವಾಗುವುದು ಆಗಲೇ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಎರಡು ಗಂಡುಗಳು ಒಟ್ಟಿಗೆ ಬಹುಕಾಲ ಇರುವುದು ಅಪರೂಪ. ಒಂದಕ್ಕೊಂದರ ವೃಷಣವನ್ನೇ ಗುರಿಯಿಟ್ಟು ಕಚ್ಚುತ್ತವೆ. ಎರಡು ಹೆಣ್ಣುಗಳಾದರೆ ಜಗಳ ಗೂಡಿನ ಮೂಲೆಗಾಗಿ, ಮರಿ ಹಾಕುವ ಜಾಗಕ್ಕಾಗಿ. ನಿಜವಾಗಿಯೂ ಗಂಡು ಹೆಣ್ಣೇ ಆಗಿದ್ದರೆ ಬೇರೆ ಪಾಡು: 30ರಿಂದ 32 ದಿನಕ್ಕೆ ಮರಿ, ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಗರ್ಭ ಕಟ್ಟುವ ಶಕ್ತಿ, ಹತ್ತಿರ ಬಂದ ಗಂಡನ್ನು ಗಬ್ಬದ ಹೆಣ್ಣು ಅಟ್ಟಿ ಕಚ್ಚುವುದು. ಗರ್ಭ ನಿಲ್ಲದೆಯೂ ಹೆಣ್ಣುಮೊಲ 16ರಿಂದ 18 ದಿನ ಗರ್ಭಿಣಿಯಂತೆ ವರ್ತಿಸುವುದುಂಟು. ಎದೆಯ ಕೂದಲು ಕಿತ್ತು, ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಓಡಾಡುತ್ತಿದ್ದರೆ ಅದು ಗೂಡು ಕಟ್ಟುವ ಹುರುಪು. ಆಗ ಜೊತೆಯ ಮೊಲವನ್ನು ಪಕ್ಕಕ್ಕೆ ಇಡುವುದು ಲೇಸು.

ಭಾರತದಲ್ಲಿ ಮೊಲದ ಬಗ್ಗೆ ನಡೆದ ಅಧ್ಯಯನದಲ್ಲಿ ಬಹುಪಾಲು ಮಾಂಸ ಮತ್ತು ಉಣ್ಣೆಗೆ ಸಂಬಂಧಿಸಿದ್ದು. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ, ಅದರ ಅಂಗವಾಗಿ ಕೊಡೈಕೆನಾಲ್ ಬಳಿಯ ಮನ್ನವನೂರಿನ ಕೇಂದ್ರ ಸೋವಿಯತ್ ಚಿಂಚಿಲ್ಲಾ, ವೈಟ್ ಜಯಂಟ್‌ನಂಥ ತಳಿಗಳ ಮೇಲೆ ಕೆಲಸ ಮಾಡಿವೆ. ಫಾರಂಗಳಲ್ಲಿ ಬೆಳೆದ ಮೊಲಕ್ಕೆ ಒಂದೊಂದಕ್ಕೂ ಒಂದು ಪಂಜರ; ಅಲ್ಲಿ ಕಾದಾಟದ ಪ್ರಶ್ನೆ ಏಳುವುದೇ ಇಲ್ಲ. ಜೋಡಿಯಾಗಿ ಬಾಳುವ ಮನೆಮೊಲದ ಬಗೆಗಿನ ತಿಳಿವಳಿಕೆ ಬಂದಿರುವುದು ಹೆಚ್ಚಾಗಿ ಹೊರಗಿನಿಂದ: 1988ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಹೌಸ್ ರ‍್ಯಾಬಿಟ್ ಸೊಸೈಟಿ, ಬ್ರಿಟನ್ನಿನ ರ‍್ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಮುಂತಾದವು. ಬ್ರಿಟನ್ನಿನ ಸಂಸ್ಥೆ ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಹೇಳುತ್ತದೆ. ಅಂಗಡಿಯಲ್ಲಿ ಮೊಲದ ಜೊತೆಗೆ ಕೊಡುವ ತಂತಿ ಪಂಜರವನ್ನು ಇದರ ಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ಪ್ರಾಯ ಕಳೆದ ಮೇಲೆ ಮುರಿಯುವ ಜೋಡಿ

ಶಸ್ತ್ರಚಿಕಿತ್ಸೆಯಾಗಿ ವರ್ಷಗಟ್ಟಲೆ ಒಟ್ಟಿಗಿದ್ದ ಮೊಲಗಳೂ ಕಾದಾಡಬಹುದು. ಆಗ ಮೊದಲು ಶಂಕಿಸಬೇಕಾದದ್ದು ನೋವನ್ನು. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ನಾರಿನ ಮೇವು ಸಾಲದಿದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿ ನಾಲಿಗೆ, ಕೆನ್ನೆಯನ್ನು ಕೊರೆಯುತ್ತದೆ. ಕಿವಿಯ ನುಸಿ, ಮೂತ್ರದ ಉರಿ, ಕಾಲಡಿಯ ಹುಣ್ಣು ಇದ್ದ ಮೊಲ ಜೊತೆಯದು ಬಂದು ಮುಟ್ಟಿದರೆ ಕಚ್ಚುತ್ತದೆ. ಇಲ್ಲವೇ ಇದು ಸೊರಗಿದ್ದನ್ನು ಕಂಡು ಕೆಳಗಿನ ಸ್ಥಾನದ್ದು ಮೇಲೇರಲು ನೋಡುತ್ತದೆ. ಚಿಕಿತ್ಸೆಗೆ ಒಂದನ್ನೇ ಒಯ್ದು ತಂದರೂ ತೊಂದರೆ. ಮದ್ದಿನ ಮತ್ತು ನಾಯಿಯ ವಾಸನೆ ಹೊತ್ತು ಬಂದ ಸಂಗಾತಿಯನ್ನು ಮನೆಯಲ್ಲಿ ಉಳಿದ ಮೊಲ ಹೊಸಬನಂತೆ ಕಾಣುತ್ತದೆ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಎರಡನ್ನೂ ಒಂದೇ ಬುಟ್ಟಿಯಲ್ಲಿ ಒಯ್ಯುವುದು ರೂಢಿಯಾಗಬೇಕು.

ಇನ್ನೊಂದು ಕಾರಣ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ರಾತ್ರಿ ಹಿತ್ತಲಿಗೆ ಬಂದ ಕಾಡುಬೆಕ್ಕು, ಪಾಗಾರದ ಮೇಲೆ ಕೂತ ಬೆಕ್ಕು, ಗೂಡಿನ ಕೆಳಗೆ ಹಾದ ಮುಂಗುಸಿ ಅಥವಾ ಹಾವು ಮೊಲವನ್ನು ಕಂಗೆಡಿಸುತ್ತದೆ. ಬೆದರಿದ ಮೊಲ ಹೊರಗಿನ ಶತ್ರುವನ್ನು ಮುಟ್ಟಲಾರದು. ಪಕ್ಕದಲ್ಲಿರುವುದರ ಮೇಲೆ ಬೀಳುತ್ತದೆ. ಸದ್ದಿನಿಂದಲೂ ಹೀಗೆ ಆಗಬಹುದು. ಅಂಕೋಲಾ ಸೀಮೆಯಲ್ಲಿ ಹೋಳಿ ಹುಣ್ಣಿಮೆಯ ಹೊತ್ತಿಗೆ ಸುಗ್ಗಿ ಕುಣಿತದ ಮೇಳಗಳು ಗುಮಟೆ, ಜಾಗಟೆಗಳೊಂದಿಗೆ ಮನೆಯಂಗಳಕ್ಕೇ ಬರುತ್ತವೆ, ಚೌತಿ ಮತ್ತು ದೀಪಾವಳಿಗೆ ಪಟಾಕಿ. ಆ ದಿನಗಳಲ್ಲಿ ಗೂಡನ್ನು ಜಗಲಿಯಿಂದ ಒಳಮನೆಗೆ ಸರಿಸಿದರೆ ಸಾಕು, ಹಬ್ಬ ನಿಲ್ಲಿಸಬೇಕಾಗಿಲ್ಲ. ಕಾರವಾರದ ನೌಕಾನೆಲೆ, ಕೈಗಾದಂಥ ಕಡೆ ಕೆಲಸದಲ್ಲಿದ್ದು ವರ್ಗವಾಗಿ ಬಂದು ಹೋಗುವ ಕುಟುಂಬಗಳಿಗೆ ಮನೆ ಬದಲಾವಣೆಯೇ ಕಾರಣವಾಗಬಹುದು: ಹೊಸ ಮನೆಯಲ್ಲಿ ಹಳೆಯ ಗುರುತಿನ ವಾಸನೆ ಯಾವುದೂ ಇಲ್ಲ, ಮೇಲು ಕೀಳು ಮೊದಲಿನಿಂದ ತೀರ್ಮಾನವಾಗಬೇಕು.

ಕರಾವಳಿಯ ಸೆಕೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಮೊಲ ಬೆವರುವುದಿಲ್ಲ, ಮೈಯ ಬಿಸಿ ಹೊರಹೋಗುವುದು ಮುಖ್ಯವಾಗಿ ಕಿವಿಯ ರಕ್ತನಾಳಗಳಿಂದ. 30 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದಕ್ಕೆ ಕಷ್ಟ, ಮಾರ್ಚ್‌ನಿಂದ ಮೇವರೆಗೆ ಅಂಕೋಲಾದ ಮಧ್ಯಾಹ್ನ ಈ ಅಂಕಿಯನ್ನು ಆಗಾಗ ದಾಟುತ್ತದೆ, ಜೊತೆಗೆ ಕಡಲ ತೇವ. ಗೂಡಿನಲ್ಲಿ ತಂಪಾದ ಜಾಗ ಒಂದೇ ಇದ್ದರೆ ಎರಡೂ ಅದಕ್ಕಾಗಿ ಗುದ್ದಾಡುತ್ತವೆ. ತಗಡಿನ ಮಾಡಿನ ಕೆಳಗೆ ಗೂಡು ಇಡದಿರುವುದು, ಮೇಲೆ ಸೋಗೆ ಹೊದಿಸುವುದು, ನೆಲದ ಮೇಲೆ ಎರಡು ಕಡೆ ಒದ್ದೆ ಹೆಂಚನ್ನೋ ಕಲ್ಲಿನ ಹಾಸನ್ನೋ ಇಡುವುದು ಸುಲಭದ ಉಪಾಯ.

ಆಟ, ಅಧಿಕಾರ, ಕಾದಾಟ

ಪ್ರತಿ ಅಟ್ಟಾಟವೂ ಜಗಳವಲ್ಲ. ಒಂದರ ಮೇಲೊಂದು ಹತ್ತುವುದು, ಸ್ವಲ್ಪ ದೂರ ಬೆನ್ನಟ್ಟಿ ನಿಲ್ಲುವುದು, ಒಂದು ಚಿಟಿಕೆ ಕೂದಲು ಉದುರುವುದು ಸ್ಥಾನ ನಿರ್ಧಾರದ ಭಾಗ. ಕೆಳಗಿನದು ತಲೆ ತಗ್ಗಿಸಿ ಕೂತರೆ ಅಲ್ಲಿಗೆ ಮುಗಿಯುತ್ತದೆ. ತಲೆಯ ಕಡೆಯಿಂದ ಹತ್ತುವುದನ್ನು ಮಾತ್ರ ಕೂಡಲೇ ತಪ್ಪಿಸಬೇಕು, ಮೇಲಿನದರ ಜನನಾಂಗ ಕೆಳಗಿನ ಮೊಲದ ಬಾಯಿಗೆ ನೇರವಾಗಿ ಸಿಗುತ್ತದೆ. ಬಾಲ ನೆಟ್ಟಗೆ, ಕಿವಿ ಬೆನ್ನಿಗೆ ಅಂಟಿ, ಮೈ ಬಿಗಿಯಾಗಿ, ಗುರ್ ಎಂಬ ಸಣ್ಣ ಸದ್ದಿನೊಂದಿಗೆ ಮುನ್ನುಗ್ಗುವುದು ಕಾದಾಟದ ಮುನ್ಸೂಚನೆ. ಕೊನೆಯ ಹಂತದಲ್ಲಿ ಎರಡೂ ಒಂದರ ಹೊಟ್ಟೆಗೆ ಇನ್ನೊಂದು ಬಾಯಿ ಹಾಕಿ ಬುಗುರಿಯಂತೆ ಸುತ್ತುತ್ತವೆ. ಹಿಂಗಾಲಿನ ಉಗುರು ಹೊಟ್ಟೆ ಸೀಳುವುದು, ಕಣ್ಣಿನ ರೆಪ್ಪೆ ಹರಿಯುವುದು ಈ ಕ್ಷಣಗಳಲ್ಲಿ.

ಆಗ ಬರಿಗೈ ಹಾಕಬಾರದು. ಮೊಲದ ಬಾಚಿಹಲ್ಲು ಬೆರಳನ್ನು ಮೂಳೆಯವರೆಗೆ ಕಚ್ಚಬಲ್ಲದು. ನಡುವೆ ಮೊರವನ್ನೋ ದಪ್ಪ ರಟ್ಟನ್ನೋ ತೂರಿಸುವುದು, ದಪ್ಪ ಟವೆಲ್ಲನ್ನೋ ಗೋಣಿಚೀಲವನ್ನೋ ಒಂದರ ಮೇಲೆ ಹೊದಿಸಿ ಎತ್ತುವುದು ಸುರಕ್ಷಿತ. ಕಿವಿ ಹಿಡಿದು ಎತ್ತುವುದು ಎಂದೂ ಸಲ್ಲದು. ಎತ್ತುವಾಗ ಹಿಂಭಾಗಕ್ಕೆ ಆಧಾರ ಬೇಕು, ಇಲ್ಲದಿದ್ದರೆ ಒದ್ದಾಟದಲ್ಲಿ ಅದರ ಬೆನ್ನುಮೂಳೆ ಮುರಿಯಬಹುದು.

ಗಾಯ

ಮೊಲದ ದಟ್ಟ ತುಪ್ಪುಳದಡಿ ಹಲ್ಲಿನ ತೂತು ಕಾಣುವುದಿಲ್ಲ. ಬೆರಳನ್ನು ಕೂದಲಿನ ವಿರುದ್ಧ ದಿಕ್ಕಿಗೆ ಓಡಿಸಿ ಕಿವಿ, ರೆಪ್ಪೆ, ತುಟಿ, ಬೆನ್ನು, ತೊಡೆ, ಜನನಾಂಗ ಎಲ್ಲವನ್ನೂ ನೋಡಬೇಕು, ಮುಂದಿನ ಒಂದು ವಾರ ದಿನವೂ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಹಾಕಿ ತೊಳೆಯುವುದು ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ. ಎಣ್ಣೆ, ಅರಿಶಿನದ ಮುದ್ದೆ ಬಳಿದರೆ ಕೂದಲು ಅಂಟಿ ಗಾಯ ಮುಚ್ಚಿಕೊಳ್ಳುತ್ತದೆ. ಉಳಿದದ್ದನ್ನು ಮೊಲ ನೆಕ್ಕುತ್ತದೆ. ಮೊಲದ ಕೀವು ನಾಯಿ ಬೆಕ್ಕಿನದರಂತೆ ಸೋರಿಹೋಗುವಂಥದ್ದಲ್ಲ. ಟೂತ್‌ಪೇಸ್ಟಿನಷ್ಟು ಗಟ್ಟಿ, ಸುತ್ತ ದಪ್ಪ ಪೊರೆ. ಪಾಸ್ಟುರೆಲ್ಲಾದಂಥ ರೋಗಾಣು ಸೇರಿ ಗಂಟಾದರೆ ಪಶುವೈದ್ಯರೇ ಕೊಯ್ದು ತೆಗೆಯಬೇಕಾಗುತ್ತದೆ.

ಮಳೆಗಾಲದಲ್ಲಿ ಇದಕ್ಕಿಂತ ಬೇಗ ಬರುವ ಆಪತ್ತು ನೊಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ, ಒದ್ದೆ ಹುಲ್ಲಿನ ಮೇಲೆ ಕೂತ ಮೊಲದ ಗಾಯಕ್ಕೆ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಮಾಂಸ ತಿನ್ನತೊಡಗುತ್ತದೆ. ಗಾಯಗೊಂಡ ಮೊಲವನ್ನು ಸೊಳ್ಳೆಪರದೆಯೊಳಗೆ, ಒಣ ಬಟ್ಟೆಯ ಮೇಲೆ ಇಡುವುದು ಈ ಸೀಮೆಯಲ್ಲಿ ಅಕ್ಕರೆಯ ಮಾತಲ್ಲ, ಅಗತ್ಯ.

ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆ ದಪ್ಪ ಅಕ್ಷರದಲ್ಲಿ ಬರೆಯುವಂಥದ್ದು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಅಥವಾ ಸಿರಪ್ ಕುಡಿಸಬಾರದು. ಪೆನಿಸಿಲಿನ್ ವರ್ಗದ ಔಷಧ ಬಾಯಿಯ ಮೂಲಕ ಹೋದರೆ, ಲಿಂಕೊಮೈಸಿನ್ ಮತ್ತು ಕ್ಲಿಂಡಾಮೈಸಿನ್ ಸಹ, ಮೊಲದ ಕರುಳಿನ ಒಳ್ಳೆಯ ಜೀವಾಣುಗಳನ್ನು ಅಳಿಸಿ ವಿಷವೇರಿಸುತ್ತವೆ, ಸಾವು ಸಾಮಾನ್ಯ. ಎನ್ರೊಫ್ಲಾಕ್ಸಸಿನ್, ನೋವಿಗೆ ಮೆಲಾಕ್ಸಿಕಾಂ ಪಶುವೈದ್ಯರು ಬಳಸುವಂಥವು, ತೂಕ ನೋಡಿ. ಕೆಲವರು ಚಿಗಟಕ್ಕೆಂದು ಹಾಕುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ. ಕಾದಾಟದ ಬಳಿಕ ಹತ್ತು ಹನ್ನೆರಡು ಗಂಟೆ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಕೂತರೆ ಹೊರಗೆ ಗಾಯ ಇಲ್ಲದಿದ್ದರೂ ತುರ್ತು: ಕರುಳು ನಿಂತುಹೋಗುತ್ತಿದೆ ಎಂದು ಅರ್ಥ.

ಶಸ್ತ್ರಚಿಕಿತ್ಸೆ

ಪ್ರಾಯದ ಮೊಲಗಳ ಕಾದಾಟಕ್ಕೆ ನೆಚ್ಚಬಹುದಾದ ಮದ್ದು ಸಂತಾನಹರಣವೊಂದೇ. ಗಂಡಿಗೆ ಸುಮಾರು ನಾಲ್ಕು ತಿಂಗಳ ಮೇಲೆ, ಹೆಣ್ಣಿಗೆ ಐದಾರು ತಿಂಗಳ ಮೇಲೆ ಮಾಡುತ್ತಾರೆ. ಹೆಣ್ಣಿಗೆ ಇನ್ನೂ ಒಂದು ಲಾಭವಿದೆ, ವಯಸ್ಸಾದಂತೆ ಹೆಚ್ಚುವ ಗರ್ಭಕೋಶದ ಕ್ಯಾನ್ಸರ್ ತಪ್ಪುತ್ತದೆ. ಮೊಲ ವಾಂತಿ ಮಾಡಲಾರದು, ಆದ್ದರಿಂದ ನಾಯಿಗೆ ಹೇಳುವಂತೆ ಹಿಂದಿನ ರಾತ್ರಿಯಿಂದ ಉಪವಾಸ ಬೇಕಿಲ್ಲ. ಉಪವಾಸದಿಂದ ಕರುಳಿಗೇ ಕೇಡು. ಚಿಕಿತ್ಸೆಯ ಬಳಿಕವೂ ಗಂಡು ಸುಮಾರು ಆರು ವಾರ ಗರ್ಭ ಕಟ್ಟಿಸಬಲ್ಲದು, ಹಾರ್ಮೋನಿನ ಕಾವು ಇಳಿಯಲು ನಾಲ್ಕರಿಂದ ಎಂಟು ವಾರ ಬೇಕು. ಈ ಕಾಯುವಿಕೆಯಲ್ಲಿ ಜನ ಸೋಲುತ್ತಾರೆ. ಹೊಲಿಗೆ ಒಣಗಿದ್ದೇ ಒಟ್ಟಿಗೆ ಬಿಟ್ಟು, ಆಪರೇಷನ್ ಮಾಡಿಸಿದರೂ ಏನೂ ಪ್ರಯೋಜನವಿಲ್ಲ ಎನ್ನುತ್ತಾರೆ.

ಬಾಳೆಗುಳಿಯವರಿಗೆ ನಿಜವಾದ ತೊಡಕು ವೈದ್ಯರನ್ನು ಹುಡುಕುವುದು. ತಾಲ್ಲೂಕಿನ ಪಶು ಆಸ್ಪತ್ರೆಗಳ ದಿನದ ಕೆಲಸ ದನ, ಎಮ್ಮೆ, ಆಡು, ನಾಯಿಗಳದ್ದು. 1962 ಸಂಖ್ಯೆಗೆ ಕರೆದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನವೂ ಹುಟ್ಟಿದ್ದು ಜಾನುವಾರುಗಳ ಸಲುವಾಗಿ. ಗಾಯಕ್ಕೆ ಚಿಕಿತ್ಸೆ ಹತ್ತಿರದಲ್ಲೇ ಆಗಬಹುದು. ಮೊಲಕ್ಕೆ ಅರಿವಳಿಕೆ ಕೊಟ್ಟು ಪಳಗಿದ ಕೈ ಬೇಕೆಂದರೆ ಹುಬ್ಬಳ್ಳಿ–ಧಾರವಾಡ, ಮಂಗಳೂರು, ಗೋವಾ, ಕೊನೆಗೆ ಬೆಂಗಳೂರಿನ ಕಡೆಗೆ ನೋಡಬೇಕಾಗಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಅಲ್ಲಿದೆ. ಹೋಗುವ ಮುನ್ನ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರೂ ಸಾಕು: ಮೊಲವನ್ನು ಹಿಂದಿನ ದಿನ ಉಪವಾಸ ಇಡಬೇಕೇ? ಬರುವ ಉತ್ತರದಿಂದ ಅನುಭವ ತಿಳಿಯುತ್ತದೆ. ಅರಬೈಲ್ ಘಟ್ಟ ಹತ್ತುವ ಪ್ರಯಾಣವನ್ನು ಬೇಸಿಗೆಯಲ್ಲಿ ನಸುಕಿನಲ್ಲೇ ಮಾಡಬೇಕು. ಎರಡಕ್ಕೂ ಮಾಡಿಸಲು ಅನುಕೂಲವಿಲ್ಲದಿದ್ದರೆ ಗಂಡಿಗಾದರೂ ಮಾಡಿಸುವುದು ಮೇಲು. ಹೊಟ್ಟೆ ಕೊಯ್ಯುವ ಹೆಣ್ಣಿನ ಚಿಕಿತ್ಸೆಗಿಂತ ಅದು ಚಿಕ್ಕದು, ಅಪಾಯವೂ ಕಡಿಮೆ.

ಮರುಜೋಡಣೆ

ಬೇರೆ ಮಾಡಿದ ಮೊಲಗಳನ್ನು ಒಂದಕ್ಕೊಂದು ಕಾಣುವ ಹಾಗೆ, ಕಚ್ಚಲಾಗದ ಹಾಗೆ ಪಕ್ಕಪಕ್ಕದಲ್ಲಿ ಇಡಬೇಕು. ಮುಟ್ಟಲಾಗದಷ್ಟು ದೂರ, ನಡುವೆ ಎರಡು ಸಾಲು ತಂತಿಬಲೆ. ಒಂದೇ ಬಲೆಯಾದರೆ ಮೂಗು, ಬೆರಳು ಸಿಕ್ಕಿ ಹರಿಯುತ್ತವೆ. ಬಲೆಗೆ ಹಾರಿ ಬೀಳುತ್ತಿದ್ದರೆ ಕೆಲದಿನ ಬಟ್ಟೆ ಇಳಿಬಿಡಬೇಕು. ಎರಡು ದಿನಕ್ಕೊಮ್ಮೆ ಹಾಸು, ಹಿಕ್ಕೆಯ ಬಾನಿ, ಆಮೇಲೆ ಗೂಡುಗಳನ್ನೇ ಅದಲುಬದಲು ಮಾಡುತ್ತ ಹೋದರೆ ಪರಸ್ಪರ ವಾಸನೆ ಮತ್ತೆ ಮನೆಯ ವಾಸನೆಯಾಗುತ್ತದೆ. ಬಲೆಯ ಆಚೀಚೆ ಒಂದೇ ಹೊತ್ತಿಗೆ ಮೇವು ಕೊಡುವುದು ಒಳ್ಳೆಯದು.

ಎದುರು ಬಿಡುವ ಜಾಗ ಎರಡಕ್ಕೂ ಹೊಸತಾಗಿರಬೇಕು: ಅವು ಎಂದೂ ಕಾಲಿಡದ ಕೋಣೆ, ಬಚ್ಚಲು, ನೆರೆಮನೆಯ ಜಗಲಿ. ಕಾವಿ ನೆಲ, ಟೈಲ್ಸ್ ಮೇಲೆ ಮೊಲದ ಕಾಲು ಜಾರುತ್ತದೆ, ಜಾರುವ ಮೊಲ ಹೆದರುತ್ತದೆ, ಹೆದರಿದ್ದು ಕಚ್ಚುತ್ತದೆ. ಚಾಪೆಯೋ ಗೋಣಿಯೋ ಹಾಸಿದರೆ ಈ ಸರಪಳಿ ಮೊದಲಿಗೇ ತುಂಡಾಗುತ್ತದೆ. ಅಡಗಲು ಇಡುವ ಪೆಟ್ಟಿಗೆಗೆ ಎರಡು ಬಾಗಿಲು ಇರಲೇಬೇಕು. ಗರಿಕೆ, ಗಿನಿ ಹುಲ್ಲು, ಕೊತ್ತಂಬರಿ ಕಡ್ಡಿಗಳನ್ನು ಒಂದೇ ಬಟ್ಟಲಲ್ಲಿ ಇಡದೆ ನೆಲದ ತುಂಬ ಚೆಲ್ಲಬೇಕು. ಮೊದಮೊದಲು ಹತ್ತು ಹದಿನೈದು ನಿಮಿಷ ಸಾಕು. ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸುವುದು ಇಲ್ಲಿಯ ಗುಟ್ಟು. ಇನ್ನೂ ಸ್ವಲ್ಪ ನೋಡೋಣ ಎಂಬ ಆಸೆಯಲ್ಲೇ ಬಹಳ ಸಂಧಾನಗಳು ಕೆಟ್ಟಿವೆ. ಒಂದು ಸೊಪ್ಪು ತಿನ್ನುತ್ತ ಇನ್ನೊಂದಕ್ಕೆ ಬೆನ್ನು ಮಾಡಿ ಕೂತರೆ, ಅಸಡ್ಡೆಯಂತೆ ಕಂಡರೂ, ನಂಬಿಕೆ ಮರಳುತ್ತಿದೆ ಎಂದರ್ಥ. ಕ್ರಮೇಣ ಹೊತ್ತು ಹೆಚ್ಚಿಸಿ, ಒಂದೆರಡು ಹಗಲು ರಾತ್ರಿ ಅಟ್ಟಾಟವಿಲ್ಲದೆ ಕಣ್ಣೆದುರೇ ಕಳೆದ ಮೇಲೆ, ವಿನೆಗರ್ ಬೆರೆಸಿದ ನೀರಿನಲ್ಲಿ ತೊಳೆದು ಸಾಮಾನುಗಳ ಸ್ಥಾನ ಬದಲಿಸಿದ ಗೂಡಿಗೆ ಎರಡನ್ನೂ ಒಟ್ಟಿಗೇ ಬಿಡುವುದು. ಕೆಲವು ಜೋಡಿಗೆ ವಾರ, ಕೆಲವಕ್ಕೆ ತಿಂಗಳುಗಳು.

ಕಾರಿನಲ್ಲಿ ಒಂದೇ ಬುಟ್ಟಿಯಲ್ಲಿ ಸುತ್ತಾಡಿಸಿ ಒಂದು ಮಾಡುವ ಪದ್ಧತಿಯೊಂದಿದೆ. ಅಲುಗಾಟಕ್ಕೆ ಹೆದರಿ ಅವು ಒತ್ತಿಕೊಂಡು ಕೂರುತ್ತವೆ ನಿಜ, ಮನೆಗೆ ಬಂದು ಭಯ ಇಳಿದ ಮೇಲೆ ಹಳೆಯ ಲೆಕ್ಕ ತೆರೆಯುತ್ತದೆ. ಸೋಪು ಹಾಕಿ ಇಬ್ಬರಿಗೂ ಸ್ನಾನ ಮಾಡಿಸಿ ವಾಸನೆ ಕಳೆಯುವುದು ಇನ್ನೂ ಅಪಾಯ, ನೆನೆದ ಮೊಲ ಥಂಡಿಗೂ ಆಘಾತಕ್ಕೂ ಸಾಯಬಹುದು. ಈ ವಿಷಯದಲ್ಲಿ ಸಾಕಣೆದಾರರು ಒಬ್ಬೊಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ. ಆಯ್ಕೆಯ ಅಳತೆಗೋಲು ಒಂದೇ: ಆ ಪದ್ಧತಿ ಮೊಲವನ್ನು ಶಾಂತಗೊಳಿಸಿ ಹತ್ತಿರ ತರುತ್ತದೆಯೋ, ಹೆದರಿಸಿ ಹತ್ತಿರ ತಳ್ಳುತ್ತದೆಯೋ.

ಜಗಳ ಬಿಡಿಸಲೆಂದು ಮೂರನೆಯ ಮೊಲ ತರುವವರೂ ಇದ್ದಾರೆ. ಸಾಲಿನಲ್ಲಿ ಇನ್ನೊಂದು ಸ್ಥಾನಕ್ಕೆ ಪೈಪೋಟಿ ಹೆಚ್ಚಾಗುತ್ತದೆ, ಅಷ್ಟೇ. ಗಿನಿಯಿಲಿಯನ್ನು ಜೊತೆಗಿಡುವುದೂ ಸಲ್ಲ, ಮೊಲದ ಒದೆ ಅದಕ್ಕೆ ಮಾರಕ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಮಾರಾಟಗಾರರಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಕಡ್ಡಾಯ ಮಾಡಿವೆ. ಕೊಳ್ಳುವವರು ಅಂಗಡಿಯವರಿಂದ ಮರಿಯ ವಯಸ್ಸು, ಲಿಂಗವನ್ನು ಬರೆಸಿಕೊಂಡರೆ ಮುಂದಿನ ನಾಲ್ಕು ತಿಂಗಳಿಗೆ ಅನುಕೂಲ.

ಮುನ್ನೆಚ್ಚರಿಕೆಯನ್ನೆಲ್ಲ ಪಾಲಿಸಿಯೂ ಕೂಡದ ಜೋಡಿಗಳು ಇವೆ, ವಿಶೇಷವಾಗಿ ಒಮ್ಮೆ ಆಳವಾಗಿ ಗಾಯ ಮಾಡಿಕೊಂಡವು. ಅವನ್ನು ಮತ್ತೆ ಮತ್ತೆ ಎದುರು ಬಿಡುವುದು ಮನುಷ್ಯರ ಹಟವೇ ಹೊರತು ಮೊಲಗಳ ಹಿತವಲ್ಲ. ಎರಡು ಗೂಡು ಅಕ್ಕಪಕ್ಕ, ನಡುವೆ ಇಮ್ಮಡಿ ಬಲೆ, ಬೆಳಿಗ್ಗೆ ಒಂದಕ್ಕೆ ಸಂಜೆ ಇನ್ನೊಂದಕ್ಕೆ ಅಂಗಳದ ಸರದಿ: ಹೀಗೆ ಅವು ವರ್ಷಗಟ್ಟಲೆ ಆರೋಗ್ಯವಾಗಿ ಇರಬಲ್ಲವು. ಬಲೆಯ ಎರಡು ಬದಿಗೆ ಮೈ ಚಾಚಿ ಮಲಗುವ ಜೋಡಿಗಳೂ ಉಂಟು. ಅದನ್ನು ಕಂಡು ಬಾಗಿಲು ತೆರೆಯಬಾರದು.